ಹಮ್ಮಿಂಗ್‌ಬರ್ಡ್‌ಗಳಿಗೆಂದು ಹಬ್ಬಿಸಿದ ಬಳ್ಳಿ

2020ರ ಏಪ್ರಿಲ್‌ನಲ್ಲಿ ನನ್ನ ಗಂಡನ ಆಫೀಸು ಮನೆಗೇ ಬಂತು. ಸೊರೆಂಟೊ ವ್ಯಾಲಿಯಲ್ಲಿ ಚಿಪ್ ತಯಾರಿಸುವ ಕಂಪನಿಯೊಂದರಲ್ಲಿ ಅವರು ಎಷ್ಟೋ ವರ್ಷಗಳಿಂದ ಎಂಜಿನಿಯರ್. ಮನೆಯಿಂದ ಆಫೀಸಿಗೆ ಕಾರಿನಲ್ಲಿ ಹತ್ತು ನಿಮಿಷ. ಆ ಹತ್ತು ನಿಮಿಷವೂ ಇಲ್ಲವಾಗಿ, ಊಟದ ಮೇಜಿನ ಮೇಲೆ ಎರಡು ಸ್ಕ್ರೀನ್ ಇಟ್ಟುಕೊಂಡು ಬೆಳಗಿನಿಂದ ಸಂಜೆಯವರೆಗೆ ಆಫೀಸಿನವರ ಜೊತೆ ವಿಡಿಯೊ ಕಾಲ್ ಮೇಲೆ ಕಾಲ್. ಭಾನುವಾರ ನಾನು ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದ ತರಗತಿ ನಿಂತುಹೋಗಿತ್ತು. ಒಬ್ಬಳೇ ಮಗಳು ಲಾಸ್ ಏಂಜಲೀಸ್‌ನ ಆಚೆ, ಸ್ಯಾಂಟಾ ಕ್ಲಾರಿಟಾದಲ್ಲಿ ಶಾಲೆಯ ಟೀಚರ್. ತನ್ನಿಂದ ನಮಗೆ ರೋಗ ಅಂಟೀತೆಂಬ ಹೆದರಿಕೆಯಲ್ಲಿ ಬರುವುದನ್ನೇ ಬಿಟ್ಟಿದ್ದಳು. ಹಗಲಿಡೀ ಗಂಡನ ಇಂಗ್ಲಿಷ್ ಕೇಳಿಸಿಕೊಳ್ಳುತ್ತ, ಪಾತ್ರೆ ಸದ್ದಾಗದಂತೆ ಅಡುಗೆ ಮಾಡುತ್ತ ಸಾಕಾಗಿ ನಾನು ಹಿತ್ತಲಲ್ಲಿ ಹೋಗಿ ಕೂರತೊಡಗಿದೆ.

ಹಿತ್ತಲೆಂದರೆ ಸಿಮೆಂಟ್ ಹಾಸಿದ ಆರು ಹೆಜ್ಜೆ ಜಾಗ. ಒಂದು ಕಡೆ ಮನೆಯ ಗೋಡೆ, ಇನ್ನೊಂದು ಕಡೆ ಪಕ್ಕದವರ ಬೇಲಿ, ಗೋಡೆಯ ಬುಡಕ್ಕೆ ಒಂದು ಗೇಣು ಅಗಲದ ಮಣ್ಣಿನ ಪಟ್ಟಿ. ಅದರಲ್ಲಿ ಹಿಂದಿನ ಮಾಲೀಕರು ಹಾಕಿದ್ದ ಕಲ್ಲುಗಳಿದ್ದವು. ಕಲ್ಲು ಆರಿಸಿ ತೆಗೆದೆ. ತೆಗೆದ ಮೇಲೆ ಏನಾದರೂ ಹಚ್ಚಬೇಕಲ್ಲ ಎಂದು ನರ್ಸರಿಗೆ ಹೋದೆ. ಹೊರಗೆ ಒಬ್ಬೊಬ್ಬರ ನಡುವೆ ಆರಡಿ ಬಿಟ್ಟು ಸಾಲಿನಲ್ಲಿ ನಿಲ್ಲಿಸಿ, ಐದೈದು ಜನರನ್ನು ಒಳಗೆ ಬಿಡುತ್ತಿದ್ದರು. ಬೀಜದ ಪಾಕೀಟುಗಳ ನಡುವೆ ಒಂದು ಗುರುತಿನ ಮುಖ ಕಂಡಿತು. ಕಾಮಲತೆ. ಹಕ್ಕಿಯ ಪುಕ್ಕದಂತೆ ಸೀಳಿದ ಎಲೆ, ಚಿಕ್ಕ ಕೆಂಪು ನಕ್ಷತ್ರದಂತಹ ಹೂ. ಅದಕ್ಕೆ ಇಲ್ಲಿಯವರು ಇಟ್ಟ ಹೆಸರೇ ಹಮ್ಮಿಂಗ್‌ಬರ್ಡ್ ಬಳ್ಳಿ ಎಂದು. ಧಾರವಾಡದಲ್ಲಿ ಯಾರ ಕಂಪೌಂಡಿಗೋ ತಾನಾಗಿ ಹಬ್ಬುತ್ತಿದ್ದ ಬಳ್ಳಿಯನ್ನು ನಾನು ದುಡ್ಡು ಕೊಟ್ಟು ತಂದೆ.

ಗಂಡ ನಕ್ಕರು. "ಇದ್ಯಾಕ ತಂದಿ? ಧಾರವಾಡದಾಗ ಇದನ್ನ ಕಿತ್ತಿ ಒಗೀತಿದ್ರಲ್ಲ."

"ಇರ್ಲಿ ಬಿಡ್ರಿ. ನಿಮ್ಮ ಕಾಲ್ ಕೇಳೂದಕ್ಕಿಂತ ಇದು ಛಲೋ."

ಜುಲೈಯಲ್ಲಿ ಹೂ ಬಿಟ್ಟಿತು. ಒಂದು ಬೆಳಗ್ಗೆ ನಾನು ಒಳಗೆ ಹಿಟ್ಟು ನಾದುತ್ತಿದ್ದೆ. ಗಂಡ ಕಾಲ್‌ನ ನಡುವೆ ಮಾತು ನಿಲ್ಲಿಸಿ, ಮೈಕ್ ಮುಚ್ಚಿ, "ಬಾ ಇಲ್ಲೆ, ಲಗೂನ ಬಾ" ಎಂದರು. ಕಿಟಕಿಯ ಆಚೆ, ಹೆಬ್ಬೆರಳಿನಷ್ಟಿದ್ದ ಹಸಿರು ಹಕ್ಕಿಯೊಂದು ಗಾಳಿಯಲ್ಲಿ ನಿಂತು ಒಂದೊಂದೇ ಹೂವಿಗೆ ಕೊಕ್ಕು ಹಾಕುತ್ತಿತ್ತು. ನಮ್ಮತ್ತ ತಿರುಗಿತು. ತಿರುಗಿದಾಗ ಅದರ ಕೊರಳು ಒಮ್ಮೆಗೇ ಗುಲಾಬಿ ಬಣ್ಣಕ್ಕೆ ಹೊಳೆದು ಮತ್ತೆ ಕಪ್ಪಾಯಿತು. ಕಾಲ್‌ನಲ್ಲಿದ್ದವರು ಅವರ ಹೆಸರು ಕರೆಯುತ್ತಲೇ ಇದ್ದರು. ಇವರು ಹಕ್ಕಿಯನ್ನೇ ನೋಡುತ್ತಿದ್ದರು.

ಆ ದಿನದಿಂದ ಬಳ್ಳಿ ನನ್ನದಾಗಿ ಉಳಿಯಲಿಲ್ಲ. ಅವರು ಯಾವುದನ್ನು ಕೈಗೆತ್ತಿಕೊಂಡರೂ ಆಫೀಸಿನ ಕೆಲಸದಂತೆಯೇ ಎತ್ತಿಕೊಳ್ಳುವವರು. ಯಾವ ಬಳ್ಳಿ ಯಾವ ತಿಂಗಳು ಹೂ ಬಿಡುತ್ತದೆಂದು ಪಟ್ಟಿ ಮಾಡಿದರು. ಕಾಮಲತೆ ಬೇಸಿಗೆಗೆ. ವಸಂತಕ್ಕೆ ಕೆಂಪು ಹನಿಸಕಲ್, ಚಳಿಗಾಲಕ್ಕೆ ಕಿತ್ತಳೆ ಬಣ್ಣದ ಕೇಪ್ ಹನಿಸಕಲ್. ವರ್ಷದ ಯಾವ ದಿನವೂ ಹಕ್ಕಿ ಬರಿಗೈಯಲ್ಲಿ ಹೋಗಬಾರದು ಎನ್ನುವುದು ಅವರ ಹಟ. ಶನಿವಾರಗಳಲ್ಲಿ ಮರದ ಪಟ್ಟಿ ಕೊಯ್ದು ಗೋಡೆಗೆ ಜಾಲರಿ ಹೊಡೆದರು. ಮೇಜನ್ನು ಕಿಟಕಿಯ ಕಡೆಗೆ ಎಳೆದುಕೊಂಡರು. ಜೇನುಹುಳು, ದುಂಬಿ, ಕಿತ್ತಳೆ ಚಿಟ್ಟೆ, ಏನು ಬಂದರೂ ನನ್ನನ್ನು ಕೂಗುತ್ತಿದ್ದರು. ಮದುವೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ ಅವರು ನನ್ನನ್ನು ಅಷ್ಟು ಸಲ ಕರೆದದ್ದಿಲ್ಲ. ಜಗತ್ತಿನಲ್ಲಿ ಜನ ಸಾಯುತ್ತಿದ್ದ ಆ ವರ್ಷ ನಾವಿಬ್ಬರೂ ಸುಖವಾಗಿದ್ದೆವು ಎಂದು ಹೇಳಲು ನಾಚಿಕೆಯಾಗುತ್ತದೆ. ಆದರೆ ಇದ್ದೆವು.

2021ರ ಅಕ್ಟೋಬರಿನ ಒಂದು ಗುರುವಾರ. ಬೆಳಗ್ಗೆ ಏಳೂವರೆ. ಅವರು ಸೋಫಾದ ಮೇಲೆ ಕೂತಿದ್ದರು. ನಾನು ಕತ್ತರಿ ಮತ್ತು ದಾರ ಹಿಡಿದುಕೊಂಡು ಹಿತ್ತಲಿಗೆ ಹೊರಟಿದ್ದೆ.

"ಛತ್ರಿ ಕೊಡು," ಎಂದರು.

ನಾನು ನಕ್ಕೆ. ಆ ಊರಲ್ಲಿ ಅಕ್ಟೋಬರಿನಲ್ಲಿ ಮಳೆಯ ಹನಿಯೂ ಬೀಳುವುದಿಲ್ಲ. "ಮಳಿ ಎಲ್ಲಿ ಅದ ರೀ?"

"ಛತ್ರಿ," ಎಂದರು ಮತ್ತೊಮ್ಮೆ, ಸ್ವಲ್ಪ ಸಿಟ್ಟಿನಿಂದ. ಚಹಾ ಕೇಳುವುದನ್ನೇ ತಮಾಷೆ ಮಾಡುತ್ತಿದ್ದಾರೆಂದುಕೊಂಡೆ. ಅವರು ಅಂತಹ ತಮಾಷೆ ಮಾಡುವವರೇ. ಮೊಸರಿಗೆ ಸಿಮೆಂಟ್ ಎನ್ನುವವರು, ಚಪಾತಿಗೆ ಸರ್ಕ್ಯೂಟ್ ಬೋರ್ಡ್ ಎನ್ನುವವರು. "ಛತ್ರಿ ಆಮ್ಯಾಲೆ ಕೊಡ್ತೀನಿ, ಮೊದಲ ಬಳ್ಳಿ ಕಟ್ಟಿ ಬರ್ತೀನಿ" ಎಂದು ನಗುತ್ತಲೇ ಬಾಗಿಲು ಎಳೆದುಕೊಂಡು ಹೊರಗೆ ಹೋದೆ.

ಒಂದು ಗಂಟೆಗೂ ಮೀರಿ ಹೊರಗಿದ್ದೆ. ಜೋತುಬಿದ್ದಿದ್ದ ಹನಿಸಕಲ್‌ನ ಕುಡಿಗಳನ್ನು ಜಾಲರಿಗೆ ಕಟ್ಟಿದೆ. ಒಣಗಿದ ಕಾಮಲತೆಯಿಂದ ಬೀಜ ಬಿಡಿಸಿಕೊಂಡೆ. ಪೈಪ್ ಹಿಡಿದು ಬುಡಕ್ಕೆಲ್ಲ ನೀರು ಬಿಟ್ಟೆ. ಹಕ್ಕಿಯೊಂದು ನೀರಿನ ತುಂತುರಿನೊಳಗೆ ಹಾರಿ ಬಂದು ಮೈ ತೊಳೆದುಕೊಂಡಿತು. ಇವರಿಗೆ ತೋರಿಸೋಣವೆಂದು ಕಿಟಕಿ ಬಡಿದೆ. ಅವರು ಎದ್ದು ಬರಲಿಲ್ಲ. ಕಾಲ್‌ನಲ್ಲಿರಬೇಕೆಂದುಕೊಂಡೆ.

ಒಳಗೆ ಬಂದಾಗ ಅವರು ಸೋಫಾದ ಬಲಗಡೆಗೆ ವಾಲಿದ್ದರು. ಬಾಯಿ ಒಂದು ಕಡೆ ಇಳಿದಿತ್ತು. ಕಣ್ಣು ತೆರೆದೇ ಇತ್ತು. ನನ್ನನ್ನೇ ನೋಡುತ್ತಿದ್ದರು.

ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ ಪ್ರಶ್ನೆ, ಇವರು ಸರಿಯಾಗಿದ್ದದ್ದನ್ನು ನೀವು ಕೊನೆಯ ಸಲ ನೋಡಿದ್ದು ಯಾವಾಗ ಎಂದು. ನಾನು ಏಳೂವರೆ ಎಂದೆ. ಏಳೂವರೆಗೆ ಚೆನ್ನಾಗಿ ಮಾತಾಡಿದರು, ಆಮೇಲೆ ಗಿಡಕ್ಕೆ ನೀರು ಹಾಕಲು ಹೋದೆ ಎಂದೆ. ಛತ್ರಿಯ ಮಾತು ನನ್ನ ಬಾಯಿಯಿಂದ ಹೊರಬರಲಿಲ್ಲ. ಅಷ್ಟು ಹೊತ್ತಿಗೆ ನನಗೆ ಅದು ತಮಾಷೆಯಲ್ಲ, ಸ್ಟ್ರೋಕ್‌ನ ಮೊದಲ ಗುರುತು ಎಂದು ಗೊತ್ತಾಗಿತ್ತು. ಡಾಕ್ಟರು ಔಷಧಿ ಕೊಟ್ಟರು. ಸಂಜೆ ಬಂದು, ಮೆದುಳಿನ ಎಡಭಾಗಕ್ಕೆ ಬಹಳ ಹಾನಿಯಾಗಿದೆ, ಇಂಥದ್ದರಲ್ಲಿ ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ ಎಂದರು. ನನ್ನನ್ನು ದೂರಬೇಕೆಂದು ಹೇಳಿದ್ದಲ್ಲ. ಮಗಳು ನನ್ನ ಪಕ್ಕ ಕೂತು ನನ್ನ ಬೆನ್ನು ಸವರುತ್ತಿದ್ದಳು.

ಬಲಗೈ ಹೋಯಿತು. ಬಲಗಾಲು ಎಳೆದುಕೊಂಡು ನಡೆಯುವಷ್ಟು ಬಂತು. ಮಾತು ಹೋಯಿತು. ಇಂಗ್ಲಿಷಂತೂ ಪೂರ್ತಿ ಅಳಿಸಿಹೋಯಿತು. ಅರ್ಧ ಆಯುಷ್ಯ ದಿನಕ್ಕೆ ಹತ್ತು ತಾಸು ಆಡಿದ ಭಾಷೆಯನ್ನು ಯಾರಾದರೂ ಅವರೆದುರು ಆಡಿದರೆ ಗೋಡೆಯ ಆಚೆಯ ಸದ್ದು ಕೇಳಿದವರಂತೆ ನೋಡುತ್ತಿದ್ದರು. ಮಾತು ಕಲಿಸಲು ಬರುತ್ತಿದ್ದ ಥೆರಪಿಸ್ಟ್ ಒಳ್ಳೆಯ ಹೆಂಗಸು. ಚಿತ್ರದ ಕಾರ್ಡುಗಳನ್ನು ಎತ್ತಿ ಹಿಡಿಯುತ್ತಿದ್ದಳು. ನಾನು ಪಕ್ಕದಲ್ಲಿ ಕೂತು, "ಇದು ಏನು ರೀ? ಬಾಳೆಹಣ್ಣು. ಬಾ... ಬಾಳೆ..." ಎನ್ನುತ್ತಿದ್ದೆ. ಭಾನುವಾರದ ತರಗತಿಯಲ್ಲಿ ಐದು ವರ್ಷದ ಮಕ್ಕಳಿಗೆ ಹೇಳಿಕೊಡುತ್ತಿದ್ದ ಅದೇ ಧ್ವನಿಯಲ್ಲಿ. ಅವರ ಕಣ್ಣಲ್ಲಿ ನೀರು ಬರುತ್ತಿತ್ತು. ಹೌದು, ಬ್ಯಾಡ, ಇವೆರಡು ಉಳಿದವು. ಅವೂ ಒಮ್ಮೊಮ್ಮೆ ಅದಲುಬದಲಾಗುತ್ತಿದ್ದವು.

ಮೂರನೆಯ ಮಾತು ಹಿತ್ತಲಲ್ಲಿ ಬಂತು. ಮರುವರ್ಷದ ಚಳಿಗಾಲ, ಕೇಪ್ ಹನಿಸಕಲ್ ಮಹಡಿಯ ಕಿಟಕಿಯವರೆಗೆ ಹತ್ತಿ ಗೋಡೆಯ ತುಂಬ ಕಿತ್ತಳೆ ಹೂ. ಅವರನ್ನು ಕುರ್ಚಿಯಲ್ಲಿ ಕೂರಿಸಿ ಕಾಲಿಗೆ ಶಾಲು ಹೊದಿಸುತ್ತಿದ್ದೆ. ತಲೆಯ ಮೇಲೆ ಟಿಕ್ ಟಿಕ್ ಎಂಬ ಆ ಹಕ್ಕಿಯ ಸದ್ದು. ಅವರು ಎಡಗೈ ಎತ್ತಿ, "ಬಂತು," ಎಂದರು. ಸ್ಪಷ್ಟವಾಗಿ, ತಮ್ಮ ಹಳೆಯ ದನಿಯಲ್ಲಿ.

ನಾನು ಮಗಳಿಗೆ ಫೋನ್ ಮಾಡಿ ಅತ್ತೆ.

ಅವಳು ಪ್ರತಿ ಶನಿವಾರ ಡ್ರೈವ್ ಮಾಡಿಕೊಂಡು ಬರುತ್ತಿದ್ದಳು. ಟ್ರಾಫಿಕ್ ಸರಿಯಿದ್ದರೆ ಮೂರು ತಾಸು. ಅವಳಿಗೆ ಕನ್ನಡ ಅರ್ಥವಾಗುತ್ತದೆ. ಆಡುವುದು ಮಾತ್ರ ಇಂಗ್ಲಿಷ್. ಸಣ್ಣವಳಿದ್ದಾಗ ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟು ಬೆಳೆದವಳು, ಅದೇನೂ ತೊಡಕಾಗಿರಲಿಲ್ಲ. ಈಗ ಅಪ್ಪನಿಗೆ ಅವಳ ಮಾತು ತಿಳಿಯುತ್ತಿರಲಿಲ್ಲ. ಅವಳು ದಾರಿಯುದ್ದಕ್ಕೂ ಕಾರಿನಲ್ಲಿ ಒಂದೊಂದು ವಾಕ್ಯ ರೂಢಿ ಮಾಡಿಕೊಂಡು ಬಂದು ಅವರ ಮುಂದೆ ಮಂಡಿಯೂರಿ ಕೂತು ಹೇಳುತ್ತಿದ್ದಳು. "ಅಪ್ಪಾ, ನಾನು ಬಂದೆ. ನಿಮಗೆ ಊಟ ಆಯ್ತಾ? ನನಗೆ ಶಾಲೆ ಒಳ್ಳೆ ಇದೆ." ಅಷ್ಟಾದ ಮೇಲೆ ಅವಳ ಕನ್ನಡ ಮುಗಿಯುತ್ತಿತ್ತು. ಇಬ್ಬರೂ ಸುಮ್ಮನೆ ಬಳ್ಳಿ ನೋಡುತ್ತ ಕೂರುತ್ತಿದ್ದರು. ಹಕ್ಕಿ ಬಂದಾಗ ಅವರು "ಬಂತು" ಎಂದರೆ ಅವಳೂ "ಬಂತು" ಎನ್ನುತ್ತಿದ್ದಳು. ಅವರಿಬ್ಬರೂ ಕೂಡಿ ಆಡುತ್ತಿದ್ದ ಮಾತು ಅದೊಂದೇ. ಎರಡು ವರ್ಷ ಹೀಗೇ ನಡೆಯಿತು.

2024ರ ಮಾರ್ಚ್‌ನಲ್ಲಿ ಮನೆಗಳ ಸಂಘದಿಂದ ಪತ್ರ ಬಂತು. ಗೋಡೆಗೆ ಗೋಡೆ ಕೂಡಿದ ನಮ್ಮ ಸಾಲಿನ ಆರೂ ಮನೆಗಳಿಗೆ ಗೆದ್ದಲು ಹಿಡಿದಿದೆ, ಮುಂದಿನ ವಾರ ಟೆಂಟ್ ಹಾಕುತ್ತೇವೆ ಎಂದು. ಈ ಕಡೆ ಅದು ಸಾಮಾನ್ಯ. ಇಡೀ ಕಟ್ಟಡಕ್ಕೆ ಸರ್ಕಸ್ ಡೇರೆಯಂತೆ ಪಟ್ಟೆಪಟ್ಟೆ ಟಾರ್ಪಾಲು ಹೊದಿಸಿ ಒಳಗೆ ವಿಷದ ಗಾಳಿ ತುಂಬುತ್ತಾರೆ. ಮೂರು ದಿನ ಎಲ್ಲರೂ ಮನೆ ಬಿಡಬೇಕು. ಗೋಡೆಗೆ ತಾಗಿದ ಗಿಡಬಳ್ಳಿಗಳನ್ನು ಮನೆಯವರು ಮೊದಲೇ ಕತ್ತರಿಸಿರಬೇಕು, ಇಲ್ಲದಿದ್ದರೆ ಕೆಲಸಗಾರರು ಕತ್ತರಿಸುತ್ತಾರೆ. ನಾನು ಸಂಘದ ಆಫೀಸಿಗೆ ಫೋನ್ ಮಾಡಿ ಬೇಡಿಕೊಂಡೆ. ನನ್ನ ಗಂಡನಿಗೆ ಆ ಬಳ್ಳಿ ಔಷಧಿ ಇದ್ದಹಾಗೆ ಎಂದೆ. ಫೋನ್ ಎತ್ತಿದವಳು ತುಂಬ ಮರ್ಯಾದೆಯಿಂದ, ಒಂದು ಮನೆಯನ್ನು ಬಿಟ್ಟು ಟೆಂಟ್ ಹಾಕಲಾಗುವುದಿಲ್ಲ, ಕ್ಷಮಿಸಿ ಎಂದಳು.

ಯಾರೋ ಬಂದು ಗರಗಸದಿಂದ ಕೊಚ್ಚುವುದಕ್ಕಿಂತ ನಾನೇ ನಾಜೂಕಾಗಿ ಮಾಡುವುದು ಮೇಲು, ಬುಡ ಉಳಿದರೆ ಮತ್ತೆ ಚಿಗುರುತ್ತದೆ ಎಂದುಕೊಂಡೆ. ಮಂಗಳವಾರ ಬೆಳಗ್ಗೆ, ಇಂಥ ರೋಗಿಗಳನ್ನು ಹಗಲು ಹೊತ್ತು ನೋಡಿಕೊಳ್ಳುವ ಡೇ ಸೆಂಟರ್‌ಗೆ ಅವರನ್ನು ಕರೆದೊಯ್ಯುವ ವ್ಯಾನ್ ಬಂತು. ಅವರು ಹೋದ ಕೂಡಲೇ ಏಣಿ ಹಾಕಿದೆ. ಅವರು ಬರುವಷ್ಟರಲ್ಲಿ ಮುಗಿಸಿಬಿಡಬೇಕು, ಕತ್ತರಿಸುವುದು ಅವರ ಕಣ್ಣಿಗೆ ಬೀಳಬಾರದು ಎಂಬುದೊಂದೇ ನನ್ನ ತಲೆಯಲ್ಲಿತ್ತು. ಆ ಅವಸರದಲ್ಲಿ ಒಂದೊಂದು ಕೊಂಬೆಯನ್ನೂ ನೋಡಿ ಕತ್ತರಿಸಲಿಲ್ಲ. ಹಿಡಿದೆಳೆದೆ, ಕತ್ತರಿಸಿದೆ, ಕೆಳಗೆ ಎಸೆದೆ.

ಕೆಳಗಿಳಿದು ರಾಶಿ ಮಾಡುವಾಗ ಗೂಡು ಕಂಡಿತು. ಅಡಕೆಯ ಗಾತ್ರ ಎಂದರೆ ಚಿಕ್ಕದಾಯಿತು, ನಿಂಬೆಯ ಹೋಳಿನಷ್ಟು ಅಂದುಕೊಳ್ಳಿ. ಜೇಡನ ಬಲೆಯಿಂದ ಕೊಂಬೆಗೆ ಅಂಟಿಸಿತ್ತು. ಒಳಗೆ ಎರಡು ಮರಿ, ಇನ್ನೂ ಪುಕ್ಕ ಬಂದಿರಲಿಲ್ಲ, ಕಣ್ಣು ಬಿಟ್ಟಿರಲಿಲ್ಲ. ಬದುಕಿದ್ದವು. ನನ್ನ ಉಸಿರು ತಾಗಿದ್ದಕ್ಕೆ ತಾಯಿ ಬಂತೆಂದು ಬಾಯಿ ತೆರೆದವು.

ಗಾಯಗೊಂಡ ಹಕ್ಕಿಗಳನ್ನು ನೋಡಿಕೊಳ್ಳುವ ಸಂಸ್ಥೆಯೊಂದಕ್ಕೆ ಫೋನ್ ಮಾಡಿದೆ. ಗೂಡನ್ನು ಮೊದಲಿದ್ದ ಜಾಗಕ್ಕೆ ಆದಷ್ಟು ಹತ್ತಿರ ಕಟ್ಟಿ, ಮರಿಯ ದನಿಗೆ ತಾಯಿ ಬಂದರೂ ಬರಬಹುದು ಎಂದರು. ಚಹಾ ಸೋಸುವ ಜರಡಿಯಲ್ಲಿ ಗೂಡನ್ನು ಇಟ್ಟು ಜಾಲರಿಯ ಮೇಲ್ತುದಿಗೆ ತಂತಿಯಿಂದ ಕಟ್ಟಿದೆ. ಉಳಿದ ಎರಡು ಕೊಂಬೆ ಎಳೆದು ನೆರಳು ಮಾಡಿದೆ. ಒಳಗೆ ಹೋಗಿ ಪರದೆಯ ಸಂದಿಯಿಂದ ನೋಡುತ್ತ ನಿಂತೆ.

ತಾಯಿ ಬಂತು. ಗೂಡಿದ್ದ ಜಾಗಕ್ಕೇ ನೇರ ಬಂತು. ಈಗ ಅಲ್ಲಿ ಕೊಂಬೆಯಿಲ್ಲ, ಎಲೆಯಿಲ್ಲ, ಬರಿ ಗಾಳಿ. ಆ ಗಾಳಿಯಲ್ಲಿ ರೆಕ್ಕೆ ಬಡಿಯುತ್ತ ನಿಂತಿತು. ಹೋಯಿತು. ಮತ್ತೆ ಬಂದು ಅದೇ ಜಾಗದಲ್ಲಿ ನಿಂತಿತು. ಜರಡಿ ಅದಕ್ಕಿಂತ ಮೂರಡಿ ಕೆಳಗಿತ್ತು. ಅಲ್ಲಿಂದ ಮರಿಗಳ ದನಿ ಬಂದಿತೋ ಇಲ್ಲವೋ, ಅದು ಕೆಳಗೆ ನೋಡಲೇ ಇಲ್ಲ.

ಮೂರು ಗಂಟೆಗೆ ವ್ಯಾನ್ ಬಂತು. ಅವರನ್ನು ಒಳಗೇ ಕೂರಿಸಬೇಕೆಂದು ಟಿವಿ ಹಾಕಿದೆ. ಎಡಗೈಯಿಂದ ನನ್ನನ್ನು ಸರಿಸಿ ಹಿತ್ತಲ ಬಾಗಿಲಿಗೆ ಹೋದರು. ಬೋಳಾದ ಗೋಡೆ ನೋಡಿದರು, ನೆಲದ ಮೇಲಿದ್ದ ರಾಶಿ ನೋಡಿದರು, ಏಣಿ ನೋಡಿದರು. ಕುರ್ಚಿಯಲ್ಲಿ ಕೂತರು. ತಾಯಿ ಹಕ್ಕಿ ಮತ್ತೆ ಬಂದು ಖಾಲಿ ಜಾಗದಲ್ಲಿ ನಿಂತಿತು.

"ಬಂತು," ಎಂದರು.

ಅದು ಹೋಗಿ ಮತ್ತೆ ಬಂತು. "ಬಂತು." ಮತ್ತೆ. "ಬಂತು. ಬಂತು. ಬಂತು." ನನ್ನ ಕಡೆ ತಿರುಗಿ, ಏನಾದರೂ ಮಾಡು ಎನ್ನುವಂತೆ ಕೈ ಎತ್ತಿ ಹೇಳುತ್ತಲೇ ಇದ್ದರು.

"ಗೊತ್ತು ರೀ," ಎಂದೆ. "ನಂದೇ ತಪ್ಪು. ನಾ ನೋಡಲಿಲ್ಲ." ಅವರಿಗೆ ಎಷ್ಟು ತಿಳಿಯಿತೋ.

ಸಂಜೆಗೆ ಒಂದು ಮರಿ ಸತ್ತಿತ್ತು. ಬೆಳಗ್ಗೆ ಇನ್ನೊಂದು. ಜರಡಿ ಬಿಚ್ಚಿ ಗೂಡಿನ ಸಮೇತ ಬಳ್ಳಿಯ ಬುಡದಲ್ಲೇ ಹೂತೆ. ಆ ದಿನ ಅವರು ಹಿತ್ತಲಿಗೆ ಬರಲಿಲ್ಲ. ಕೈ ಹಿಡಿದು ಎಬ್ಬಿಸಲು ಹೋದರೆ, "ಬ್ಯಾಡ" ಎಂದರು. ಈ ಸಲ ಆ ಮಾತು ಸರಿಯಾದ ಜಾಗದಲ್ಲೇ ಬಂದಿತ್ತು.

ಟೆಂಟಿನ ಮೂರು ದಿನಕ್ಕೆ ಮಗಳು ನಮ್ಮನ್ನು ಸ್ಯಾಂಟಾ ಕ್ಲಾರಿಟಾಕ್ಕೆ ಕರೆದೊಯ್ದಳು. ಮರುದಿನ ಮಧ್ಯಾಹ್ನ ಅವರು ಮಲಗಿದ್ದಾಗ ಅಡುಗೆಮನೆಯಲ್ಲಿ ಮಗಳಿಗೆ ಗೂಡಿನ ಕಥೆ ಹೇಳುತ್ತ ನನಗೆ ಅಳು ತಡೆಯಲಾಗಲಿಲ್ಲ. ಅವಳು ನನ್ನನ್ನು ಅಪ್ಪಿಕೊಂಡು, ಅಮ್ಮಾ, ನಿನಗೆ ಕಾಣಲಿಲ್ಲ, ನೀನು ಬೇಕೆಂದು ಮಾಡಿದ್ದಲ್ಲ, ಯಾಕೆ ಇಷ್ಟು ದುಃಖ ಮಾಡ್ತೀಯ ಎಂದು ಇಂಗ್ಲಿಷಿನಲ್ಲಿ ಹೇಳಿದಳು.

ಅವಳು ಹಾಗೆ ಹೇಳದೆ ಇದ್ದಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ. "ಅವತ್ತೂ ಹೀಂಗ ಆತು," ಎಂದೆ. ಛತ್ರಿ ಕೇಳಿದ್ದು ಹೇಳಿದೆ. ಎರಡು ಸಲ ಕೇಳಿದ್ದು, ನಾನು ನಕ್ಕದ್ದು, ಬಾಗಿಲು ಎಳೆದುಕೊಂಡದ್ದು, ಡಾಕ್ಟರಿಗೆ ಸುಳ್ಳು ಹೇಳಿದ್ದು, ಎಲ್ಲ ಹೇಳಿದೆ.

ಅವಳ ಕೈ ನನ್ನ ಹೆಗಲಿಂದ ಇಳಿಯಿತು. ಎಷ್ಟು ಹೊತ್ತು ಹೊರಗಿದ್ದೆ ಎಂದು ಕೇಳಿದಳು.

"ಒಂದು ತಾಸಿನ ಮ್ಯಾಲೆ."

ಅವಳು ಸಿಂಕಿಗೆ ಹೋಗಿ ಪಾತ್ರೆ ತೊಳೆಯತೊಡಗಿದಳು. ಎಲ್ಲ ತೊಳೆದು, ಒರೆಸಿ, ಕಪಾಟಿನಲ್ಲಿ ಇಟ್ಟಳು. ಆಮೇಲೆ ನನ್ನ ಕಡೆ ತಿರುಗದೆ ಕನ್ನಡದಲ್ಲಿ ಕೇಳಿದಳು. "ಅಪ್ಪಂಗೆ ಗೊತ್ತಾ?"

ಆ ಒಂದು ತಾಸು ಅವರು ಕಣ್ಣು ತೆರೆದುಕೊಂಡೇ ಕೂತಿದ್ದರು. ಕಿಟಕಿಯಿಂದ ನಾನು ಬಳ್ಳಿ ಕಟ್ಟುವುದು ಅವರಿಗೆ ಕಾಣುತ್ತಿತ್ತು. ನಾನು ಕಿಟಕಿ ಬಡಿದದ್ದೂ ಕೇಳಿರಬೇಕು.

ಮಗಳು ಬರುವ ಶನಿವಾರಗಳು ಎರಡು ವಾರಕ್ಕೊಮ್ಮೆಯಾದವು, ಆಮೇಲೆ ತಿಂಗಳಿಗೊಮ್ಮೆ. ಬಂದಾಗ ಅಪ್ಪನ ಬಳಿ ಕೂರುತ್ತಿದ್ದಳು, ನನಗೆ ಬೇಕಾದ ಸಾಮಾನು ತಂದುಕೊಡುತ್ತಿದ್ದಳು. ಬಳ್ಳಿ ಬುಡದಿಂದ ಚಿಗುರಿತು, ಬೇಸಿಗೆಯಲ್ಲಿ ಎದೆಯೆತ್ತರ ಬಂತು. ಹಕ್ಕಿಗಳೂ ಬಂದವು. ಅವರು ಮಾತ್ರ ಕುರ್ಚಿಯ ಮುಖ ಬಾಗಿಲ ಕಡೆಗೆ ತಿರುಗಿಸಲು ಬಿಡಲಿಲ್ಲ. "ನೋಡ್ರಿ, ಬಂತು ನೋಡ್ರಿ" ಎಂದು ನಾನೇ ಹೇಳುತ್ತಿದ್ದೆ. ಅವರು ಟಿವಿ ನೋಡುತ್ತಿದ್ದರು.

ಆ ನವೆಂಬರಿನಲ್ಲಿ ಸ್ಟ್ರೋಕ್ ಎರಡನೆಯ ಸಲ ಬಂತು. ಹಗಲು ಹನ್ನೊಂದು ಗಂಟೆ, ನಾನು ಅವರ ಬಾಯಿಗೆ ಗಂಜಿ ಹಾಕುತ್ತಿದ್ದೆ. ಚಮಚ ಹಲ್ಲಿಗೆ ತಾಗಿತು, ಬಾಯಿ ತೆರೆಯಲಿಲ್ಲ. ಆ ಕ್ಷಣವೇ ಆಂಬುಲೆನ್ಸ್‌ಗೆ ಫೋನ್ ಮಾಡಿದೆ. ಕಾಲು ಗಂಟೆಯೊಳಗೆ ಆಸ್ಪತ್ರೆಯಲ್ಲಿದ್ದೆವು. ಡಾಕ್ಟರು ಪರೀಕ್ಷೆಯೆಲ್ಲ ಮಾಡಿ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ನೀವು ಮಾಡಬೇಕಾದ್ದನ್ನೆಲ್ಲ ಮಾಡಿದ್ದೀರಿ, ಇದು ಆಸ್ಪತ್ರೆಯೊಳಗೇ ಆಗಿದ್ದರೂ ಏನೂ ಮಾಡಲಾಗುತ್ತಿರಲಿಲ್ಲ ಎಂದರು. ಅವರು ಸಮಾಧಾನಕ್ಕೆಂದು ಹೇಳಿದ್ದು. ಬೇಗ ಬಂದರೂ ಉಪಯೋಗವಿಲ್ಲದ ದಿನ ನಾನು ಬೇಗ ಬಂದಿದ್ದೆ.

ಮಗಳು ಬಂದು ಮುಟ್ಟುವಷ್ಟರಲ್ಲಿ ಮುಗಿದಿತ್ತು. ಕಾರಿಡಾರಿನಲ್ಲಿ ನಿಂತಿದ್ದ ನನ್ನ ಬಳಿ ಬಂದಳು. "ಕೂಡ್ಲೆ ಫೋನ್ ಮಾಡಿದೆ ಪುಟ್ಟಿ," ಎಂದೆ. ಅವಳು ಏನೂ ಕೇಳಿರಲಿಲ್ಲ.

"ಗೊತ್ತು," ಎಂದಳು.

ಮನೆ ಮಾರಿದೆವು. ಬಳ್ಳಿಗೆ ನೀರು ಬಹಳ ಬೇಕು, ಕೊಳ್ಳುವವರಿಗೆ ಇಷ್ಟವಾಗುವುದಿಲ್ಲ ಎಂದು ಏಜೆಂಟ್ ಅದನ್ನು ಬುಡಸಮೇತ ಅಗೆಸಿ, ಬಿಳಿ ಕಲ್ಲು ಹಾಸಿ ಮೂರು ಕತ್ತಾಳೆ ಕುಂಡ ಇಡಿಸಿದ. ನಾನು ಬೇಡವೆನ್ನಲಿಲ್ಲ.

ಈಗ ಒಂದು ವರ್ಷದಿಂದ ಸ್ಯಾಂಟಾ ಕ್ಲಾರಿಟಾದಲ್ಲಿ ಮಗಳ ಮನೆಯ ಕೆಳಗಿನ ಕೋಣೆಯಲ್ಲಿದ್ದೇನೆ. ಅವಳು ಏಳು ಗಂಟೆಗೆ ಶಾಲೆಗೆ ಹೋಗುತ್ತಾಳೆ. ಸಂಜೆ ಬಂದಾಗ ಬಿಸಿ ಚಪಾತಿ ಬಡಿಸಿದರೆ "ಥ್ಯಾಂಕ್ಯೂ ಅಮ್ಮಾ" ಎನ್ನುತ್ತಾಳೆ, ಪ್ರತಿ ಸಲವೂ. ಮೊದಲು ಹಾಗೆನ್ನುತ್ತಿರಲಿಲ್ಲ. ನನ್ನನ್ನು ಒಂದು ದಿನವೂ ಬೈದಿಲ್ಲ. ಹೋಗಲಿ ಬಿಡು ಎಂದೂ ಹೇಳಿಲ್ಲ. ನಾನು ಕೇಳುವುದಿಲ್ಲ.

ಹೋದ ಜೂನ್‌ನಲ್ಲಿ ಒಂದು ಶನಿವಾರ ಅವಳು ನರ್ಸರಿಯಿಂದ ಹೂಬಳ್ಳಿಯ ಕುಂಡವೊಂದನ್ನು ತಂದು ಹಿಂಬಾಗಿಲ ಬಳಿ ಇಟ್ಟಳು. "ನಿಂಗೆ ಬೇಕಾಗುತ್ತೇನೋ ಅಂತ," ಎಂದಳು, ಕನ್ನಡದಲ್ಲಿ. ನಾಳೆ ನೆಲಕ್ಕೆ ಹಾಕುತ್ತೇನೆ ಎಂದೆ. ಹಾಕಲಿಲ್ಲ. ಮರುದಿನವೂ ಹಾಕಲಿಲ್ಲ. ಕೆಲವು ದಿನ ಅವಳೇ ಲೋಟದಲ್ಲಿ ನೀರು ತಂದು ಹೊಯ್ದಳು. ಆಮೇಲೆ ಅವಳೂ ಬಿಟ್ಟಳು. ಇಲ್ಲಿಯ ಬಿಸಿಲು ನಮ್ಮ ಹಳೆಯ ಮನೆಯಿದ್ದ ಸಮುದ್ರದ ದಂಡೆಯ ಬಿಸಿಲಲ್ಲ. ಆಗಸ್ಟ್ ಹೊತ್ತಿಗೆ ಎಲೆ ಮುಟ್ಟಿದರೆ ಪುಡಿಯಾಗುತ್ತಿತ್ತು. ಕಸದ ಲಾರಿ ಬರುವ ಬೆಳಗ್ಗೆ, ಅವಳು ಶಾಲೆಗೆ ಹೋದ ಮೇಲೆ, ಬಳ್ಳಿಯನ್ನು ಮಣ್ಣಿನ ಹೆಂಟೆಯ ಸಮೇತ ಹಸಿರು ಡಬ್ಬಿಗೆ ಹಾಕಿ ಕುಂಡ ತೊಳೆದು ಗರಾಜಿನಲ್ಲಿ ಬೋರಲಿಟ್ಟೆ. ಸಂಜೆ ಅವಳು ಬಂದು ಹಿಂಬಾಗಿಲ ಕಡೆ ಒಮ್ಮೆ ನೋಡಿ, ಚಪ್ಪಲಿ ಬಿಟ್ಟು, ಕೈ ತೊಳೆಯಲು ಒಳಗೆ ಹೋದಳು.